ಭಾನುವಾರದ ಸಂತೆ, ವಾರದ ಅಡುಗೆ: ಊರ ತರಕಾರಿ ಹಾಳಾಗದ ಹಾಗೆ ಬಳಸುವುದು ಹೇಗೆ?

ಪ್ರಶ್ನೆ: ನಾವು ಮಂಗಳೂರಿನ ಬಿಜೈಯಲ್ಲಿ ಇದ್ದೇವೆ. ನಾನು, ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆಯಲ್ಲಿ ಅತ್ತೆ ಮತ್ತು ಮೂರನೇ ಕ್ಲಾಸಿನ ಮಗ. ಭಾನುವಾರ ಬೆಳಿಗ್ಗೆ ಸಂತೆಗೆ ಹೋಗಿ ಚೀಲ ತುಂಬ ಊರ ತರಕಾರಿ ತರುತ್ತೇವೆ. ಬುಧವಾರದ ಹೊತ್ತಿಗೆ ಹರಿವೆ ಬಾಡಿರುತ್ತದೆ, ಬಸಳೆ ಕೊಳೆತಿರುತ್ತದೆ, ಗುಳ್ಳದ (ದುಂಡು ಬದನೆ) ಮೇಲೆ ಕಂದು ಕಲೆ. ಮನೆ ಸೇರುವಾಗ ಏಳೂವರೆ. ಮಸಾಲೆ ಹುರಿದು, ಕಾಯಿ ಅರೆದು ಕೊದ್ದೆಲ್ ಮಾಡುವಷ್ಟು ತ್ರಾಣ ಇರುವುದಿಲ್ಲ. ಕೊನೆಗೆ ಆಮ್ಲೆಟ್, ಇಲ್ಲದಿದ್ದರೆ ಹೋಟೆಲ್ ಪಾರ್ಸೆಲ್. ಅತ್ತೆಗೆ ಹಿಂದಿನ ದಿನ ಅರೆದಿಟ್ಟದ್ದು ಆಗುವುದಿಲ್ಲ. ಏನಾದರೂ ದಾರಿ ಇದೆಯಾ ಮೇಡಂ?

ಉತ್ತರ: ದಾರಿ ಇದೆ. ನಿಮಗೆ ಹೊಸ ರೆಸಿಪಿ ಬೇಕಾಗಿಲ್ಲ. ಯಾವ ತರಕಾರಿ ಯಾವ ದಿನಕ್ಕೆ ಅಂತ ಗೊತ್ತು ಮಾಡದೆ ಚೀಲ ಸೀದಾ ಫ್ರಿಜ್ಜಿಗೆ ಹೋಗುತ್ತಿದೆ. ಅಡುಗೆ ತರಗತಿಗೆ ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ: ಸಂತೆಯಲ್ಲಿ ಚೀಲ ತುಂಬುವಾಗಲೇ ವಾರದ ಲೆಕ್ಕ ಮುಗಿದಿರಬೇಕು. ಬೇಗ ಬಾಡುವುದು ಮೊದಲು, ತಡೆಯುವುದು ಕೊನೆಗೆ. ಶುಕ್ರವಾರಕ್ಕೆ ಏನು ಅಂತ ಭಾನುವಾರವೇ ಗೊತ್ತಿದ್ದರೆ ಏಳೂವರೆಗೆ ಅರ್ಧ ತಲೆಬಿಸಿ ಕಡಿಮೆ.

ಮೊದಲು ಫ್ರಿಜ್ಜಿನ ವಿಷಯ. ನಿಮ್ಮ ಗುಳ್ಳದ ಮೇಲಿನ ಕಂದು ಕಲೆಗೆ ಬಹುಶಃ ಅದೇ ಕಾರಣ. ನಮ್ಮಲ್ಲಿ ಘಟ್ಟದ ತರಕಾರಿ, ಊರ ತರಕಾರಿ ಅಂತ ಬೇರೆ ಬೇರೆ ಹೇಳುತ್ತೇವೆ ಅಲ್ವಾ? ಘಟ್ಟದಿಂದ ಬರುವ ಕ್ಯಾರೆಟ್, ಬೀಟ್ರೂಟ್, ಕ್ಯಾಬೇಜ್‌ಗೆ ಚಳಿ ಒಗ್ಗುತ್ತದೆ. ಗುಳ್ಳ, ಬೆಂಡೆ, ಮುಳ್ಳುಸೌತೆ ಹಾಗಲ್ಲ. ಇವು ಸೆಕೆಯ ಗಿಡಗಳು. ಸುಮಾರು 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಒಳಗಿನಿಂದ ಕೆಡಲು ಶುರುವಾಗುತ್ತವೆ. ಸಿಪ್ಪೆಯಲ್ಲಿ ಗುಳಿ ಬೀಳುತ್ತದೆ, ಬೀಜ ಕಪ್ಪಾಗುತ್ತದೆ, ಮುಳ್ಳುಸೌತೆ ಲೋಳೆಯಾಗುತ್ತದೆ. ಮನೆಯ ಫ್ರಿಜ್ಜಿನ ಒಳಗೆ ಇರುವುದು 4 ಡಿಗ್ರಿಯ ಆಸುಪಾಸು. ಹಾಗಾಗಿ ಇವನ್ನು ಎರಡು ಮೂರು ದಿನ ಬುಟ್ಟಿಯಲ್ಲಿ ಹೊರಗೇ ಇಡಿ, ಗಾಳಿ ಆಡುವ ಕಡೆ. ಇನ್ನೂ ಇಡಬೇಕಾದರೆ ಪೇಪರಿನಲ್ಲಿ ಸುತ್ತಿ ಕೆಳಗಿನ ತರಕಾರಿ ಡಬ್ಬಿಗೆ ಹಾಕಿ. ಆ ಬುಟ್ಟಿಯ ಪಕ್ಕದಲ್ಲಿ ಬಾಳೆಹಣ್ಣಿನ ಚಿಪ್ಪು ಇಡಬೇಡಿ. ಹಣ್ಣಾಗುವಾಗ ಅದು ಬಿಡುವ ಎಥಿಲಿನ್ ಅನಿಲಕ್ಕೆ ಮುಳ್ಳುಸೌತೆ, ಹಾಗಲ, ಸೊಪ್ಪು ಎಲ್ಲ ಬೇಗ ಹಳದಿಯಾಗುತ್ತವೆ. ನಮ್ಮ ಕಡೆ ಮುಕ್ಕಾಲು ಮನೆಗಳಲ್ಲಿ ಕದಳಿ ಗೊನೆ ತರಕಾರಿ ಬುಟ್ಟಿಯ ಮೇಲೆಯೇ ತೂಗುತ್ತಿರುತ್ತದೆ.

ಇನ್ನು ಹರಿವೆ. ತಂದ ಕೂಡಲೇ ತೊಳೆಯಬೇಡಿ. ಒದ್ದೆ ಸೊಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕೊಳೆಯುವಷ್ಟು ಬೇಗ ಬೇರೇನೂ ಕೊಳೆಯುವುದಿಲ್ಲ. ಮಣ್ಣಿನ ಬೇರು ಕತ್ತರಿಸಿ, ಎಲೆ ಬೇರೆ, ದಂಟು ಬೇರೆ ಮಾಡಿ. ಈ ಕೆಲಸಕ್ಕೆ ಅತ್ತೆಯವರಿದ್ದಾರೆ, ಮಗನನ್ನೂ ಕೂರಿಸಿ. ಎಲೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗೆ ಹಾಕಿ, ಭಾನುವಾರ ರಾತ್ರಿಗೋ ಸೋಮವಾರಕ್ಕೋ ಮುಗಿಸಿ. ದಂಟು ಬುಧವಾರದವರೆಗೂ ಗಟ್ಟಿಯಾಗಿಯೇ ಇರುತ್ತದೆ. ಒಂದು ಕಟ್ಟಿನಲ್ಲಿ ಎರಡು ಊಟ. ಎಲೆಯ ಪಲ್ಯಕ್ಕೆ ಹತ್ತು ನಿಮಿಷ ಸಾಕು: ತೆಂಗಿನೆಣ್ಣೆಯಲ್ಲಿ ಸಾಸಿವೆ, ಉದ್ದಿನಬೇಳೆ, ಒಣಮೆಣಸು ಒಗ್ಗರಣೆ, ಹೆಚ್ಚಿದ ಸೊಪ್ಪು, ಉಪ್ಪು, ಬೇಕಿದ್ದರೆ ಚೂರು ಬೆಲ್ಲ. ನೀರು ಹಾಕಬೇಡಿ, ಸೊಪ್ಪು ತಾನೇ ಬಿಡುತ್ತದೆ. ನೀರು ಇಂಗಿದ ಮೇಲೆ ಒಂದು ಹಿಡಿ ಕಾಯಿತುರಿ.

ಸೋಮವಾರದ ಮಟ್ಟಿಗೆ ನಾನು ತಂಬುಳಿಯ ಪರ. ಬೇಸಿಗೆಯಲ್ಲಂತೂ ಅದಕ್ಕಿಂತ ಒಳ್ಳೆಯ ವಾರದ ಅಡುಗೆ ಇಲ್ಲ. ಒಂದು ಮುಷ್ಟಿ ಒಂದೆಲಗ, ತುಳುವಿನಲ್ಲಿ ತಿಮರೆ ಅನ್ನುತ್ತೇವಲ್ಲ ಅದು, ಅರ್ಧ ಚಮಚ ಜೀರಿಗೆ ಮತ್ತು ನಾಲ್ಕು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ದೊಡ್ಡ ಚಮಚದಲ್ಲಿ ಮೂರು ಕಾಯಿತುರಿ ಸೇರಿಸಿ ನುಣ್ಣಗೆ ಅರೆದು, ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ. ಕುದಿಸುವ ಕೆಲಸವೇ ಇಲ್ಲ. ಹೀರೆಕಾಯಿ ಸಿಪ್ಪೆಯದ್ದೂ ಇದೇ ರೀತಿ ಆಗುತ್ತದೆ. ಎಳೆ ಹೀರೆಯ ಸಿಪ್ಪೆಯನ್ನು ಬಿಸಾಡುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಬಸಳೆಗೆ ಬರೋಣ. ಅದರ ಎಲೆಯಲ್ಲಿ ನೀರಿನಂಶ ಜಾಸ್ತಿ. ಸುರುಳಿ ಸುತ್ತಿ ಚೀಲದಲ್ಲಿ ತುರುಕಿದರೆ ಒತ್ತಿದ ಕಡೆಯಿಂದಲೇ ಕೊಳೆಯುತ್ತದೆ. ಬಳ್ಳಿ ಬಿಡಿಸಿ, ಬುಡ ಒಂದು ಚೊಂಬು ನೀರಿನಲ್ಲಿ ಮುಳುಗುವ ಹಾಗೆ ಅಡುಗೆಮನೆಯ ಮೂಲೆಯಲ್ಲಿ ನಿಲ್ಲಿಸಿ. ದಿನಾ ನೀರು ಬದಲಿಸಿದರೆ ಮಂಗಳವಾರ ರಾತ್ರಿಯವರೆಗೆ ಹೊಸದರ ಹಾಗೆಯೇ ಇರುತ್ತದೆ. ಬುಡದ ದಪ್ಪ ಗೆಣ್ಣು ಎರಡನ್ನು ಬಾಲ್ಕನಿಯ ಕುಂಡದಲ್ಲಿ ಊರಿಬಿಡಿ. ಬಸಳೆಗೆ ಚಪ್ಪರವೇ ಬೇಕೆಂದಿಲ್ಲ, ಕಿಟಕಿಯ ಸರಳು ಸಾಕು. ಚಿಗುರಿ ಹಬ್ಬಿದರೆ ಆಮೇಲೆ ಸಂತೆಯಲ್ಲಿ ಬಸಳೆ ಕೊಳ್ಳುವ ಪ್ರಮೇಯವೇ ಕಡಿಮೆ.

ಈಗ ನಿಮ್ಮ ನಿಜವಾದ ಕಷ್ಟ: ಅರಪ್ಪು, ಅಂದರೆ ಕಾಯಿ ಹಾಕಿ ಅರೆದ ಮಸಾಲೆ. ಬಸಳೆ ಗಸಿ ಅಂದರೆ ಮೆಣಸು, ಕೊತ್ತಂಬರಿ ಹುರಿಯಬೇಕು, ಕಾಯಿ ತುರಿಯಬೇಕು, ಅರೆಯಬೇಕು. ಸುಸ್ತಾಗಿ ಬಂದವರಿಗೆ ಇದು ದೊಡ್ಡ ಹೊರೆಯೇ. ಅತ್ತೆಯವರ ಮಾತನ್ನು ತಳ್ಳಿಹಾಕುವುದಿಲ್ಲ. ಅವರು ಹೇಳುವುದು ಕಾಯಿಯ ಮಟ್ಟಿಗೆ ನೂರಕ್ಕೆ ನೂರು ಸರಿ. ಅರೆದ ಕಾಯಿ ನಮ್ಮ ಸೆಕೆಗೆ ಬೇಗ ಹುಳಿಯುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಮರುದಿನಕ್ಕೆ ಪರಿಮಳ ಹೋಗಿರುತ್ತದೆ. ಆದರೆ ಹುರಿದ ಮಸಾಲೆಗೆ ಆ ಮಾತು ಸಲ್ಲದು. ಒಣಗಿದ್ದನ್ನು ಗಾಳಿಯಾಡದ ಬಾಟಲಿಯಲ್ಲಿಟ್ಟರೆ ಒಂದು ವಾರಕ್ಕೆ ಏನೂ ಆಗುವುದಿಲ್ಲ. ಆದ್ದರಿಂದ ಎರಡನ್ನೂ ಬೇರೆ ಮಾಡಿ.

ಭಾನುವಾರ ಮಧ್ಯಾಹ್ನ ಕಾಯಿ ಹಾಕದೆ ಬರೀ ಮಸಾಲೆ ಹುರಿದು ಪುಡಿ ಮಾಡಿಡಿ. 25 ಬ್ಯಾಡಗಿ ಮೆಣಸು, ಅರ್ಧ ಕಪ್ ಕೊತ್ತಂಬರಿ, 2 ಚಮಚ ಜೀರಿಗೆ, 1 ಚಮಚ ಉದ್ದಿನಬೇಳೆ, ಅರ್ಧ ಚಮಚ ಮೆಂತೆ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಮೆಣಸು ಗರಿಗರಿಯಾಗುವಷ್ಟರಲ್ಲಿ ಮೆಂತೆ ಸುಟ್ಟು ಕಹಿಯಾಗಿರುತ್ತದೆ. ಒಂದೊಂದನ್ನೇ, ನಾಲ್ಕು ಹನಿ ತೆಂಗಿನೆಣ್ಣೆಯಲ್ಲಿ, ಸಣ್ಣ ಉರಿಯಲ್ಲಿ. ಪೂರ್ತಿ ತಣಿದ ಮೇಲೆ ಪುಡಿ ಮಾಡಿ. ನಾಲ್ಕು ಜನರ ಒಂದು ಅಡುಗೆಗೆ ದೊಡ್ಡ ಚಮಚದಲ್ಲಿ ಎರಡು ಪುಡಿ ಸಾಕು. ವಾರದಲ್ಲಿ ಮೂರು ಸಲಕ್ಕೆ ಧಾರಾಳ.

ಕಾಯಿಗೂ ಒಂದು ಉಪಾಯ ಇದೆ. ತುರಿದದ್ದನ್ನು ಡಬ್ಬಿಯಲ್ಲಿ ತೆಳ್ಳಗೆ ಹರಡಿ ಫ್ರೀಜರಿನಲ್ಲಿಡಿ. ಬೇಕಾದಷ್ಟು ಮುರಿದು ತೆಗೆಯಬಹುದು. ಇದು ಅರೆದಿಟ್ಟದ್ದು ಅಲ್ಲವಲ್ಲ, ಅತ್ತೆಯವರು ಒಪ್ಪುತ್ತಾರೆ ಅಂತ ನನ್ನ ಅಂದಾಜು. ಅರೆಯುವಾಗ ಮಾತ್ರ ಬಿಸಿನೀರು ಹಾಕಿ. ತೆಂಗಿನ ಎಣ್ಣೆಯಂಶ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ತಣ್ಣೀರಿನಲ್ಲಿ ಅರೆದರೆ ಮಿಕ್ಸಿಯ ಅಂಚಿನಲ್ಲಿ ಬಿಳಿ ಜಿಡ್ಡು ಕೂರುತ್ತದೆ, ಅರಪ್ಪು ನುಣ್ಣಗಾಗುವುದಿಲ್ಲ.

ಇಷ್ಟಾದರೆ ಮಂಗಳವಾರದ ಗಸಿ ಅರ್ಧ ಗಂಟೆಯ ಕೆಲಸ. ಬೆಳಿಗ್ಗೆ ಹೊರಡುವಾಗ ಒಂದು ಕಪ್ ಕಡಲೆ ನೆನೆಹಾಕಿ ಹೋಗಿ. ಬಂದ ಕೂಡಲೇ ಕುಕ್ಕರಿಗೆ. ಅದು ಕೂಗುವಷ್ಟರಲ್ಲಿ ಬಸಳೆ ದಂಟನ್ನು ಬೆರಳುದ್ದ ಕತ್ತರಿಸಿ ಒಂದು ನೀರುಳ್ಳಿಯ ಜೊತೆ ಬೇಯಲು ಇಡಿ, ದಂಟು ಮೆತ್ತಗಾದ ಮೇಲೆ ಎಲೆ ಹಾಕಿ. ಮುಕ್ಕಾಲು ಕಪ್ ಕಾಯಿ, ಪುಡಿ, ಅರಿಶಿನ, ಎರಡು ಎಸಳು ಬೆಳ್ಳುಳ್ಳಿ ಸೇರಿಸಿ ಅರೆದು ಹಾಕಿ, ಬೆಂದ ಕಡಲೆ ಬೆರೆಸಿ, ಹುಣಸೆಹುಳಿ, ಉಪ್ಪು ಹಾಕಿ ಒಂದು ಕುದಿ. ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಕಡಲೆ ನೆನೆಹಾಕಲು ಮರೆತರೆ ಹೆಸರುಕಾಳು ಹಾಕಿ, ಅದಕ್ಕೆ ನೆನೆಸುವ ಹಂಗಿಲ್ಲ. ಮೀನು ತಿನ್ನುವ ಮನೆಯಾದರೆ ಒಂದು ಹಿಡಿ ಒಣ ಎಟ್ಟಿ (ಸಿಗಡಿ). ಬಸಳೆಗೆ ಎಟ್ಟಿಯಷ್ಟು ಒಗ್ಗುವುದು ಬೇರೆ ಇಲ್ಲ ಅಂತ ಹೇಳುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಅದೇ ಪುಡಿ, ಅದೇ ಕಾಯಿ, ಬುಧವಾರ ಹರಿವೆ ದಂಟಿಗೆ ಬೇಳೆ ಸೇರಿಸಿದರೆ ಹುಳಿ. ಗುರುವಾರ ಅಲಸಂಡೆಗೋ ತೊಂಡೆಗೋ ಹಾಕುವುದಾದರೆ ನುಣ್ಣಗೆ ಅರೆಯದೆ ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ, ನೀರಿಲ್ಲದೆ. ಸುಕ್ಕ ಆಯಿತು. ತರಕಾರಿ ಬದಲಾಗುತ್ತದೆ, ಅರಪ್ಪಿನ ದಪ್ಪ ಬದಲಾಗುತ್ತದೆ, ಕೈಗೆ ಬಂದ ಕೆಲಸ ಅದೇ. ಅಲಸಂಡೆಯನ್ನು ಮಾತ್ರ ಗುರುವಾರದವರೆಗೆ ಇಡುವುದು ನನಗೆ ಇಷ್ಟವಿಲ್ಲ. ಮೂರನೇ ದಿನಕ್ಕೆ ಅದರ ಒಳಗೆ ಕಾಳು ಬಲಿತು ಸಿಪ್ಪೆ ಚರ್ಮದ ಹಾಗಾಗುತ್ತದೆ. ತೊಂಡೆ, ಹಾಗಲ ತಡೆಯುತ್ತವೆ.

ಕಾಯಿಯೂ ಬೇಡ, ಪುಡಿಯೂ ಬೇಡ ಅನಿಸುವ ದಿನ ಇದ್ದೇ ಇರುತ್ತದೆ. ಅಂಥ ದಿನಕ್ಕೆ ಗುಳ್ಳದ ಬೋಳು ಹುಳಿ ಇದೆ. ಮಟ್ಟು ಗುಳ್ಳ ಸಿಕ್ಕರೆ ಬಿಡಬೇಡಿ. ಕಟಪಾಡಿ ಹತ್ತಿರದ ಮಟ್ಟು ಊರಿನ ಗದ್ದೆಗಳಲ್ಲಿ ಬೆಳೆಯುವ ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಉಡುಪಿಯ ಸೋದೆ ಮಠದ ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಎಂಬ ಕಥೆ ನಿಮಗೂ ಗೊತ್ತಿರಬಹುದು. ದುಂಡಗೆ, ತಿಳಿ ಹಸಿರು ಮೈ, ಬಿಳಿ ಗೀರು, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ಬೇಗ ಬೇಯುತ್ತದೆ. ವಾರದ ಅಡುಗೆಗೆ ಅದಕ್ಕೇ ಅದು ಹೇಳಿಮಾಡಿಸಿದ್ದು. ಮಳೆ ಹಿಂದೆ ಸರಿದ ಮೇಲೆ ಮಾರುಕಟ್ಟೆಗೆ ಬರುತ್ತದೆ. ಉಳಿದ ಕಾಲದಲ್ಲಿ ಗುಳ್ಳ ಅಂತ ಮಾರುವುದೆಲ್ಲ ಮಟ್ಟುವಿನದ್ದೇ ಅಂದುಕೊಳ್ಳಬೇಡಿ.

ಅರ್ಧ ಕಿಲೋ ಗುಳ್ಳವನ್ನು ಹೋಳು ಮಾಡಿದ ಕೂಡಲೇ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಅರ್ಧ ಕಪ್ ತೊಗರಿಬೇಳೆ ಅರಿಶಿನ ಹಾಕಿ ಬೇಯಿಸಿಡಿ. ಹೋಳಿಗೆ ಸೀಳಿದ ನಾಲ್ಕು ಹಸಿಮೆಣಸು, ಉಪ್ಪು ಹಾಕಿ ಬೇಯಿಸಿ, ಆಮೇಲೆ ಸಣ್ಣ ನಿಂಬೆ ಗಾತ್ರದ ಹುಣಸೆಯ ರಸ, ಚೂರು ಬೆಲ್ಲ, ಬೇಳೆ. ಒಗ್ಗರಣೆಗೆ ಸಾಸಿವೆ, ಒಣಮೆಣಸು, ಕರಿಬೇವು, ಇಂಗು. ಬೆಳ್ಳುಳ್ಳಿ ತಿನ್ನುವವರು ಇಂಗಿನ ಬದಲು ಎಂಟು ಎಸಳು ಜಜ್ಜಿ ಹಾಕಿ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ: ಹುಳಿ ಯಾವಾಗಲೂ ತರಕಾರಿ ಬೆಂದ ಮೇಲೆ. ಹುಳಿ ಮೊದಲೇ ಬಿದ್ದರೆ ಹೋಳು ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ, ಸೊಪ್ಪಿನ ಹಸಿರು ಕೂಡ ಕಂದಾಗುತ್ತದೆ. ಗ್ಯಾಸ್ ಸುಮ್ನೆ ಖರ್ಚು. ಇದಕ್ಕೆ ಹೊರತು ಕೆಸು, ಸುವರ್ಣಗೆಡ್ಡೆ. ಅವುಗಳ ತುರಿಕೆ ಹೋಗಲು ಹುಳಿ ಮೊದಲಿನಿಂದಲೇ ಬೇಕು.

ಶುಕ್ರವಾರಕ್ಕೆ ಸೌತೆಕಾಯಿ. ಮುಳ್ಳುಸೌತೆ ಅಲ್ಲ, ಸಾಂಬಾರಿಗೆ ಹಾಕುವ ಹಳದಿ ಪಟ್ಟೆಯ ಸೌತೆ. ಹಿಂದೆ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ತೂಗು ಹಾಕುತ್ತಿದ್ದರು, ಮಳೆಗಾಲದವರೆಗೂ ಬರುತ್ತಿತ್ತು. ನಿಮ್ಮ ಫ್ಲಾಟಿನಲ್ಲಿ ಅಡ್ಡ ಇಲ್ಲದಿದ್ದರೂ ಚಿಂತೆ ಇಲ್ಲ. ಕೊಯ್ಯದ ಸೌತೆ ನೆಲದ ಮೇಲೆಯೇ ವಾರಗಟ್ಟಲೆ ಇರುತ್ತದೆ, ಒಂದಕ್ಕೊಂದು ತಾಗದಿದ್ದರೆ ಆಯಿತು. ಇದಕ್ಕೆ ನನ್ನ ಆಯ್ಕೆ ಮಜ್ಜಿಗೆ ಹುಳಿ, ಹವ್ಯಕರ ಮೇಲಾರ. ಹುರಿಯುವ ಕೆಲಸವೇ ಇಲ್ಲ. ಹೋಳು ಬೇಯುತ್ತಿರುವಾಗ ಮುಕ್ಕಾಲು ಕಪ್ ಕಾಯಿ, ಎರಡು ಹಸಿಮೆಣಸು ಅರೆಯಿರಿ. ಹೋಳಿಗೆ ಅದನ್ನು ಸೇರಿಸಿ, ಒಂದೂವರೆ ಕಪ್ ಹುಳಿ ಮಜ್ಜಿಗೆ ಹಾಕಿ, ಸಣ್ಣ ಉರಿಯಲ್ಲಿ ಕದಡುತ್ತಾ ಇರಿ. ಅಂಚಿನಲ್ಲಿ ಗುಳ್ಳೆ ಎದ್ದ ಕೂಡಲೇ ಒಲೆ ಆರಿಸಿ. ಕೊತಕೊತ ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡುವುದನ್ನು ಮರೆಯಬೇಡಿ. ಸೌತೆ, ಸೋರೆ, ಹೀರೆ ಕೆಲವೊಮ್ಮೆ ಕಹಿ ಇರುತ್ತವೆ. ಕಹಿ ಸೋರೆಯನ್ನಂತೂ ಬೆಲ್ಲ ಹಾಕಿ ಸರಿಮಾಡಲು ಹೋಗಲೇಬೇಡಿ. ಅದು ಹೊಟ್ಟೆಗೆ ವಿಷವೇ, ಸೀದಾ ತಿಪ್ಪೆಗೆ.

ಶನಿವಾರಕ್ಕೆ ಉಳಿದ ಎರಡು ಹೋಳು ಸಿಹಿಕುಂಬಳ, ನಾಲ್ಕು ತೊಂಡೆ, ಒಂದು ನುಗ್ಗೆ ಎಲ್ಲ ಸೇರಿಸಿ ಬೆರಕೆ ಕೊದ್ದೆಲ್. ಅದಕ್ಕೆ ಲೆಕ್ಕ ಬೇಕಾಗಿಲ್ಲ.

ಅನ್ನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಕುಚ್ಚಲಕ್ಕಿ ಬೇಯಲು ಕಾಯುತ್ತಾ ಕುಳಿತರೆ ರಾತ್ರಿ ಒಂಬತ್ತು. ಬಿಸಿ ಹಿಡಿದಿಡುವ ಥರ್ಮಲ್ ರೈಸ್ ಕುಕ್ಕರ್ ಇದ್ದರೆ ಅತ್ತೆಯವರು ಸಂಜೆ ಒಮ್ಮೆ ಅಕ್ಕಿ ಕುದಿಸಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಸಾಕು, ಒಲೆಯ ಮುಂದೆ ನಿಲ್ಲುವುದು ಬೇಡ. ನೀವು ಬಂದು ಬಸಿದರೆ ಆಯಿತು. ಆ ತಿಳಿ ಚೆಲ್ಲಬೇಡಿ, ಉಪ್ಪು ಹಾಕಿ ಮಗನಿಗೆ ಕೊಡಿ.

ಇನ್ನು ಸಂತೆಯಲ್ಲಿ ಕೈ ಕಟ್ಟಿಕೊಳ್ಳಬೇಕಾದ ಕೆಲವು ಇವೆ. ಪಂಜೆ ಮಂಗೇಶರಾಯರ ರಸ್ತೆಯ ಭಾನುವಾರದ ಸಾವಯವ ಸಂತೆಯಾಗಲಿ, ಉಡುಪಿಯವರಿಗೆ ಆದಿ ಉಡುಪಿಯ ಬುಧವಾರದ ಸಂತೆಯಾಗಲಿ, ಕಂಡದ್ದೆಲ್ಲ ಬೇಕೆನಿಸುತ್ತದೆ. ಬಾಳೆ ಹೂವು, ಗುಜ್ಜೆ (ಎಳೆ ಹಲಸು), ಪತ್ರೊಡೆಯ ಕೆಸುವಿನ ಎಲೆ ಇವೆಲ್ಲ ರಜೆಯ ದಿನದ ಬಾಬತ್ತು. ಹೂವಿನ ಒಂದೊಂದು ಎಸಳಿನ ನಾರು ತೆಗೆಯುತ್ತಾ ಕುಳಿತರೆ ಅರ್ಧ ಸಂಜೆ ಹೋಯಿತು. ಕಣಿಲೆಯಂತೂ (ಎಳೆ ಬಿದಿರಿನ ಮೊಳಕೆ) ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿಡಬೇಕು. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ, ಅವಸರ ಮಾಡುವ ಪದಾರ್ಥ ಅದಲ್ಲ. ತರುವುದಾದರೆ ಭಾನುವಾರ ನೆನೆಹಾಕಿ, ಬುಧವಾರಕ್ಕೆ ಅಂತ ಮೊದಲೇ ಗೊತ್ತು ಮಾಡಿ.

ಮಳೆಗಾಲದಲ್ಲಿ ಈ ಪಟ್ಟಿ ಸ್ವಲ್ಪ ಅದಲುಬದಲಾಗುತ್ತದೆ. ಸೊಪ್ಪು ಕೆಸರು ಹಿಡಿದು ಬರುತ್ತದೆ, ಮನೆಯೊಳಗೂ ತೇವ. ಆಗ ಸೊಪ್ಪು ಕಡಿಮೆ ತನ್ನಿ; ಹೀರೆ, ಪಡುವಲ, ಬೆಂಡೆ, ಅಲಸಂಡೆ ಊರಿನವೇ ಬೇಕಾದಷ್ಟು ಬರುತ್ತವೆ. ಅಂಬಟೆ ಸಿಕ್ಕರೆ ಹುಣಸೆಯ ಬದಲು ಅದನ್ನೇ ಹಾಕಿ. ಚೌತಿಯ ವಾರ ಊರ ತರಕಾರಿಗೆ ಬೆಲೆ ಏರುತ್ತದೆ, ಆ ವಾರ ಘಟ್ಟದ ಬೀನ್ಸ್ ತಂದು ಸುಕ್ಕ ಮಾಡಿದರೆ ಯಾರೂ ಬೈಯುವುದಿಲ್ಲ.

ಮುಂದಿನ ಭಾನುವಾರ ಇಷ್ಟು ತನ್ನಿ: ಹರಿವೆ ಒಂದು ಕಟ್ಟು, ಬಸಳೆ ಒಂದು ಕಟ್ಟು, ಒಂದೆಲಗ ಸಿಕ್ಕಿದರೆ ಒಂದು ಮುಷ್ಟಿ, ಗುಳ್ಳ ಅರ್ಧ ಕಿಲೋ, ತೊಂಡೆ ಅರ್ಧ ಕಿಲೋ, ಸೌತೆ ಒಂದು, ಸಿಹಿಕುಂಬಳ ಒಂದು ತುಂಡು, ನುಗ್ಗೆ ಒಂದೆರಡು. ತೆಂಗಿನಕಾಯಿ ಮನೆಯಲ್ಲಿ ಎಷ್ಟಿದೆ ನೋಡಿಕೊಂಡು ಹೋಗಿ.